ದೊಡ್ಡಪ್ಪನ ಕೊನೆಯ ಹಲ್ಲು

“ನಾನು ಸಾಕಿದ ನಾಯಿ ನನ್ನನ್ನೇ ಕಚ್ಚಿದ ದಿನ ಈ ಮಚ್ಚನ್ನ ಗುಜರಿಗೆ ಹಾಕಿ ಸೊಪ್ಪು ಮಾರೋಕೆ ಕೂತ್ಕೋತೀನಿ!” ಎಂದು ಮಾಂಸದಂಗಡಿಯ ಮಚ್ಚಿನಕ್ಕ ಗಿರಾಕಿಗಳಿಗೆಲ್ಲ ಸಾರುತ್ತಿದ್ದಳು. ಕೇಳಿದವರು ನಂಬುತ್ತಿದ್ದರು. ನಂಬದೆ ಏನು ಮಾಡಿಯಾರು? ಅವಳು ಕೆಮ್ಮಿದರೆ ಕೊಕ್ಕೆಗೆ ನೇತುಹಾಕಿದ ಕುರಿಯೂ ಒಮ್ಮೆ ಕಾಲು ಝಾಡಿಸುತ್ತಿತ್ತು.

ಅವಳು ಸಾಕುತ್ತಿದ್ದುದು ಮುದಿ ನಾಯಿಗಳನ್ನು ಮಾತ್ರ. ಬೀದಿಯ ತುದಿಯಲ್ಲೊಂದು ಗೋದಾಮು. ಅದರ ಕಾವಲುಗಾರ ನಾಯಿಗಳನ್ನು ಹೊಡೆದು ಪಳಗಿಸುತ್ತಿದ್ದ, ಮುದಿಯಾದಾಗ ಹೊಡೆದೇ ಮುಗಿಸುತ್ತಿದ್ದ. ಒಂದು ಬೆಳಗ್ಗೆ ಗೋಡೆಯ ಹಿಂದೆ ಅವನು ಕಬ್ಬಿಣದ ಸಲಾಕೆಯಿಂದ ಹೆಣ್ಣುನಾಯಿಯೊಂದರ ಸೊಂಟ ಮುರಿಯುತ್ತಿದ್ದುದನ್ನು ಕಂಡ ಅಕ್ಕ, ಸಲಾಕೆ ಕಿತ್ತುಕೊಂಡು ಅವನ ಹೆಗಲಿಗೇ ಬಾರಿಸಿದಳು. ತೋಳು ಹಾರಿ ಎರಡು ಊರಾಚೆ ಬಿತ್ತೆನ್ನುವವರಿದ್ದಾರೆ. ಅಷ್ಟೇನಿಲ್ಲ, ಕೀಲು ತಪ್ಪಿತ್ತು. ನಾಯಿ ಅವಳ ಮಡಿಲಲ್ಲೇ ರಕ್ತ ಕಾರಿ ಸತ್ತಿತು. ಅಂದಿನಿಂದ ಗೋದಾಮಿನ ಮುದಿ ನಾಯಿಗಳೆಲ್ಲ ಅವಳ ಹಿತ್ತಿಲಿಗೇ ಬಂದವು. ಹೆಸರಿಡುವ ಗೋಜಿಗೆ ಅವಳು ಹೋಗಲಿಲ್ಲ, ವಯಸ್ಸಿಗೆ ತಕ್ಕ ನಂಟು ಹಚ್ಚಿದಳು: ಅಜ್ಜಿ, ಸೋದರಮಾವ, ಚಿಕ್ಕತ್ತೆ. ಅನ್ನಕ್ಕೆ ಮೂಳೆ ಬೇಯಿಸಿದ ನೀರು ಕಲಸಿ ಉಣಿಸಿದಳು, ಹುಣ್ಣು ತೊಳೆದಳು, ಏಳಲಾಗದವನ್ನು ಹೆಗಲ ಮೇಲೆ ಹೊತ್ತು ಉಚ್ಚೆ ಹೊಯ್ಯಿಸಿದಳು.

ಕೊನೆಗೆ ಬಂದವನು ದೊಡ್ಡಪ್ಪ. ಒಂದು ಕಣ್ಣು ಕುರುಡು, ಇನ್ನೊಂದಕ್ಕೆ ಪೊರೆ, ಬಾಯಲ್ಲಿ ಅಲ್ಲಾಡುವ ಒಂದೇ ಒಂದು ಕೋರೆಹಲ್ಲು. ಬಂದ ದಿನವೇ, ಅಕ್ಕ ಮೂಳೆ ಕಡಿಯುತ್ತಿದ್ದಾಗ, ಅಂಗಡಿ ಮುಂದೆ ನಿಂತಿದ್ದ ದರ್ಜಿಯ ಮೇಲೆ ಎಗರಿ ತೊಡೆ ಸಿಗಿದುಬಿಟ್ಟ. ದರ್ಜಿ ಪಕ್ಕದಂಗಡಿಯವನಷ್ಟೇ ಅಲ್ಲ, ಅಕ್ಕನ ಅಂಗಡಿಯಿದ್ದ ಕಟ್ಟಡದ ಮಾಲೀಕ. ಅವನ ರಕ್ತ ಮೆಟ್ಟಿಲಿಳಿದು ಚರಂಡಿ ಸೇರಿತು.

“ಇನ್ನೊಬ್ಬರನ್ನ ಕಚ್ಚಲಿ, ಅವತ್ತೇ ಇದು ವಾಪಸ್ ಕಾವಲುಗಾರನ ಕೈಗೆ,” ಎಂದ ದರ್ಜಿ ಮುಲುಗುತ್ತ. “ಸಲಾಕೆ ಕಾಯ್ತಾ ಇದೆ.”

“ಆಯ್ತಣ್ಣ. ಆದ್ರೂ ನಿಮ್ಮ ತೊಡೇಲಿ ಮಾಂಸ ಇದೆ ಅಂತ ಆ ಕುರುಡನಿಗೆ ಹೇಗೆ ಗೊತ್ತಾಯ್ತು? ಇಷ್ಟು ವರ್ಷ ನನಗೇ ಕಂಡಿರಲಿಲ್ಲ.”

ತಮಾಷೆ ಮಾಡಿದರೂ ಕೊಟ್ಟ ಮಾತು ಮರೆಯಲಿಲ್ಲ. ರಕ್ತದ ವಾಸನೆಗೆ ಕೆರಳಿದ್ದಾನೆಂದುಕೊಂಡು ದೊಡ್ಡಪ್ಪನನ್ನು ಹಿತ್ತಿಲ ಕೋಣೆಗೆ ಕೂಡಿದಳು. ಅಲ್ಲಿ ಅವನು ಬಾಗಿಲಿಗೇ ಹಾರಿ ಹಾರಿ ಮೂತಿ ಒಡೆದುಕೊಂಡ. ಆಮೇಲೆ ಅಕ್ಕ ಗಮನಿಸಿದಳು: ಕತ್ತಿ ಮಸೆಯುವಾಗ ಗೊರಕೆ ಹೊಡೆಯುವ ಪ್ರಾಣಿ, ಮೂಳೆ ಕಡಿಯುವಾಗ ಎಗರುತ್ತದೆ. ಅವಳದು ಮೂಳೆಗೆ ಎರಡೇಟಿನ ಅಭ್ಯಾಸ. ಮೊದಲನೆಯದು ಮಚ್ಚು ಕೂರಲು, ಎರಡನೆಯದು ತುಂಡಾಗಲು. ದಡ್, ದಡ್. ಗೋದಾಮಿನ ಕಡೆಯಿಂದ ವರ್ಷಗಟ್ಟಲೆ ಕೇಳಿಬರುತ್ತಿದ್ದುದೂ ಅದೇ ಸದ್ದು. ಕಾವಲುಗಾರ ಸಲಾಕೆಯಿಂದ ಬಾಗಿಲಿಗೆ ಎರಡು ಬಾರಿಸಿದರೆ ನಾಯಿ ಎದುರಿಗಿದ್ದವನ ಮೇಲೆ ಬೀಳಬೇಕು. ಬೀಳದಿದ್ದರೆ ಮೂರನೆಯದು ಬೀಳುತ್ತಿದ್ದುದು ನಾಯಿಯ ಬೆನ್ನಿಗೆ.

ಮಾರನೆಯ ದಿನದಿಂದ ಅಕ್ಕ ಒಂದೇ ಏಟಿಗೆ ಕಡಿಯಲು ಕಲಿತಳು. ಆ ಏಟಿಗೆ ದಿಮ್ಮಿ ಗೇಣುದ್ದ ನೆಲಕ್ಕಿಳಿಯುತ್ತಿತ್ತು, ಪಕ್ಕದಂಗಡಿಯ ಸೂಜಿಗಳು ಹೆದರಿ ತಾವೇ ದಾರ ಪೋಣಿಸಿಕೊಳ್ಳುತ್ತಿದ್ದವು. ದೊಡ್ಡಪ್ಪ ಮಾತ್ರ ಅವಳ ಪಾದದ ಮೇಲೆ ಗದ್ದವಿಟ್ಟು ನಿದ್ದೆ ಹೊಡೆದ.

ದರ್ಜಿಯ ಷರತ್ತಿನ ಸುದ್ದಿ ಕಾವಲುಗಾರನಿಗೆ ಮುಟ್ಟಿತು. ಹಳೆಯ ಹೆಗಲುನೋವು ಅವನಲ್ಲಿನ್ನೂ ಉರಿಯುತ್ತಿತ್ತು. ಒಂದು ಸಂಜೆ ದರ್ಜಿ ಮಾಂಸ ಕೊಳ್ಳುತ್ತ ನಿಂತಿದ್ದ ಹೊತ್ತು ನೋಡಿ ಬಂದವನೇ, ಹಲ್ಲು ಕಿರಿದು, ಅಂಗಡಿಯ ಹಲಗೆಗೆ ಸಲಾಕೆಯಿಂದ ಬಾರಿಸಿದ. ದಡ್, ದಡ್.

ದೊಡ್ಡಪ್ಪ ನಿದ್ದೆಯಿಂದಲೇ ಎಗರಿದ, ನೇರ ದರ್ಜಿಯ ಗಂಟಲಿಗೆ. ಅಕ್ಕ ನಡುವೆ ತೋಳು ತೂರಿಸಿದಳು. ಕೋರೆ ಮಾಂಸ ಸೀಳಿ ಮೂಳೆಯವರೆಗೆ ಇಳಿಯಿತು, ರಕ್ತ ದರ್ಜಿಯ ಮುಖಕ್ಕೆ ಚಿಮ್ಮಿತು. ಅಷ್ಟರಲ್ಲಿ ಕಾವಲುಗಾರನ ಮೂರನೇ ಏಟು ದೊಡ್ಡಪ್ಪನ ಪಕ್ಕೆಗೆ ಬಿತ್ತು, ಎಲುಬು ಲಟಕ್ಕೆಂದಿತು. ಸಲಾಕೆ ಮತ್ತೆ ಮೇಲೆದ್ದಿತು. ಅಕ್ಕ ಮಚ್ಚಿನ ಹಿಂಬದಿ ತಿರುಗಿಸಿ ಅವನ ಮಣಿಕಟ್ಟಿಗೆ ಕೊಟ್ಟಳು. ಒಂದೇ ಏಟು. ಅಭ್ಯಾಸವಾಗಿತ್ತಲ್ಲ.

ಮುರಿದ ಕೈ ಹಿಡಿದು ನೆಲದಲ್ಲಿ ಹೊರಳಾಡುತ್ತಲೇ ಕಾವಲುಗಾರ ಕಿರುಚಿದ: “ಕಚ್ತು! ಸಾಕಿದವಳನ್ನೇ ಕಚ್ತು! ದರ್ಜಿಯಣ್ಣ, ಮಾತು ಅಂದ್ರೆ ಮಾತು, ನಾಯಿ ಕೊಡ್ಸಿ ನನಗೆ! ಇವಳು ನಾಳೆಯಿಂದ ಸೊಪ್ಪು ಮಾರ್ಲಿ!”

ದರ್ಜಿ ಮುಖ ಒರೆಸಿಕೊಂಡ. ಅಕ್ಕನ ತೋಳು ನೋಡಿದ, ಅವಳ ಕಾಲಬಳಿ ಏದುಸಿರು ಬಿಡುತ್ತ ಮಲಗಿದ್ದ ನಾಯಿಯನ್ನು ನೋಡಿದ. “ಏನಮ್ಮ, ಕಚ್ತಾ?”

ಅಕ್ಕ ತೋಳಿನಲ್ಲಿ ನಾಟಿ ಉಳಿದಿದ್ದ ಕೋರೆಹಲ್ಲನ್ನು ಎರಡು ಬೆರಳಲ್ಲಿ ಕಿತ್ತು, ಸೆರಗಿಗೆ ಒರೆಸಿ, ಗಂಟು ಹಾಕಿಕೊಂಡಳು.

“ಕಚ್ಚೋದೆಲ್ಲಿ ಬಂತಣ್ಣ? ಇದ್ದಿದ್ದೇ ಒಂದು ಹಲ್ಲು, ಜೋಪಾನವಾಗಿ ಇಟ್ಕೋ ಅಂತ ನನಗೆ ಕೊಟ್ಟಿದ್ದಾನೆ. ಇನ್ನು ಮೇಲೆ ದೊಡ್ಡಪ್ಪ ಯಾರನ್ನಾದ್ರೂ ಕಚ್ಚಬೇಕು ಅಂದ್ರೆ, ಮೊದಲು ಬಂದು ನನ್ನ ಹತ್ರ ಹಲ್ಲು ಇಸ್ಕೊಂಡು ಹೋಗ್ಬೇಕು!”