ಭಾವನ ಮರದ ಬೂಷ್ಟು

ನನ್ನ ಕೆಲಸ ಬೂಷ್ಟಿನದು. ತೊಗಟೆ ಕೊರೆಯುವ ದುಂಬಿಗಳು ಮೈಗಂಟಿಸಿಕೊಂಡು ಬರುವ ಶಿಲೀಂಧ್ರಗಳನ್ನು ಬೆಳೆಸಿ, ಯಾವುದು ಯಾವುದೆಂದು ಗುರುತು ಹಿಡಿಯುವುದು. "ತಂಗಳನ್ನಕ್ಕೆ ಬರೋದನ್ನ ಓದೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?" ಎಂದು ಭಾವ ರೇಗಿಸುತ್ತಿದ್ದರು. ಅವರು ಹೋದ ಮರುವರ್ಷ, ಜೆ.ಪಿ. ನಗರದ ಮನೆಯ ಮುಂದೆ ಅವರೇ ವಾಟೆ ಹೂತು ಬೆಳೆಸಿದ್ದ ಮಾವಿನ ಮರ ಬಾಡತೊಡಗಿತು.

ಅಕ್ಕ ಫೋನ್ ಮಾಡಿದಳು. "ಎಲೆ ಎಲ್ಲಾ ಒಣಗ್ತಿದೆ ಕಣೆ, ಉದುರ್ತಾನೂ ಇಲ್ಲ. ಬಂದು ನೋಡು. ನಿನ್ನ ಓದು ಇದಕ್ಕಾದ್ರೂ ಬರ್ಲಿ."

ಹೋದೆ. ಕಾಂಡದ ತುಂಬ ಸೂಜಿ ಚುಚ್ಚಿದಂಥ ತೂತು, ಬುಡದಲ್ಲಿ ಚಿರೋಟಿ ರವೆಯಂಥ ಹೊಟ್ಟು. ಚಾಕುವಿನಿಂದ ತೊಗಟೆ ಎಬ್ಬಿಸಿದರೆ ಒಳಗೆ ಕಪ್ಪಾಗಿತ್ತು. ದುಂಬಿ ಒಳಗೆ ತಂದ ಬೂಷ್ಟು ಮರದ ನೀರಿನ ದಾರಿಯನ್ನೆಲ್ಲ ಮುಚ್ಚುತ್ತಿತ್ತು. ಯಾವ ಬೂಷ್ಟೆಂದು ತಿಳಿದರೆ ಔಷಧಿ ಹುಡುಕಬಹುದೆಂದು ಒಂದು ತುಂಡು ಕೆತ್ತಿಕೊಂಡು ಹೊರಟೆ. ಅಕ್ಕ ಮಡಿವಾಳದ ನರ್ಸರಿಯಿಂದ ತಂದ ಪುಡಿ ಕಲಸಿ ಕಾಂಡಕ್ಕೆ ಬಳಿಯುತ್ತಾ ಕಾದಳು.

ಲ್ಯಾಬಿನಲ್ಲಿ ಬೆಳೆದದ್ದು ನಮಗೆ ಗೊತ್ತಿದ್ದ ಯಾವುದಕ್ಕೂ ಹೊಂದಲಿಲ್ಲ. ಡಿಎನ್‌ಎ ಕೂಡ ಹೊಂದಲಿಲ್ಲ. ಹೊಸದು. ಈ ಕೆಲಸದಲ್ಲಿ ಅಂಥ ದಿನ ಬರುವುದೇ ಅಪರೂಪ. ಜೊತೆಯವರು ಮೈಸೂರ್ ಪಾಕ್ ತರಿಸಿದರು. ನಾನೂ ತಿಂದೆ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ:

"ಹೊಸದು ಅಂದ್ರೆ, ಔಷಧಿ ಇದ್ಯಾ?"

"ಇಲ್ಲ ಅಕ್ಕ. ಹೊಸದಲ್ವಾ."

ಮಳೆಗಾಲಕ್ಕೆ ಮೊದಲೇ ಮರ ಕಡಿಸಬೇಕಾಯಿತು. ಪಕ್ಕದ ಮರಗಳಿಗೆ ಹರಡಬಾರದೆಂದು ತುಂಡುಗಳನ್ನೆಲ್ಲ ಸುಡಿಸಿದವಳೂ ನಾನೇ. ಭಾವನನ್ನು ಎರಡನೇ ಸಲ ಕಳಿಸಿಕೊಟ್ಟಂತಾಗಿ, ಆಟೋದಲ್ಲಿ ಮನೆ ಮುಟ್ಟುವ ತನಕ ಅತ್ತೆ.

ಹೊಸ ಬೂಷ್ಟಿಗೆ ಹೆಸರಿಡಬೇಕಿತ್ತು. ಭಾವನ ಹೆಸರನ್ನೇ ಇಟ್ಟರೆ ಅಕ್ಕನಿಗೆ ಸಮಾಧಾನವಾದೀತೆಂದು ನನಗೆ ತೋಚಿತು. ಅವಳನ್ನು ಕೇಳಿದೆ.

"ಬೇಡ ಕಣೆ. ಮರ ಕೊಂದಿದ್ದಕ್ಕೆ ಅವರ ಹೆಸರಾ? ಅವರು ಯಾರಿಗೂ ಕೆಟ್ಟದ್ದು ಮಾಡ್ದೋರಲ್ಲ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕಡೆಗೆ ಊರಿನ ಹೆಸರಿಟ್ಟೆವು.

ಈ ಯುಗಾದಿಗೆ ಅಕ್ಕ, ಆ ಮರ ದೊಡ್ಡದಾದಮೇಲೆ ಮೊದಲ ಸಲ, ಜಯನಗರದ ಮಾರ್ಕೆಟ್ಟಿನಿಂದ ಮಾವಿನೆಲೆ ಕೊಂಡು ತಂದಳು. ತೋರಣ ಕಟ್ಟುವ ಮುಂಚೆ ಒಂದೊಂದೇ ಎಲೆ ಮಗುಚಿ ನೋಡಿ, ನನ್ನ ಕೈಗೆ ಕೊಟ್ಟಳು.

"ಇದು ಚೆನ್ನಾಗಿರೋ ಮರದ್ದೇ ತಾನೇ?"

"ಹೂಂ ಅಕ್ಕ," ಎಂದೆ. ಬರೀ ಎಲೆ ನೋಡಿ ಅದನ್ನು ಹೇಳಲು ಯಾರಿಗೂ ಆಗುವುದಿಲ್ಲ.