ಮಲಗಿದ್ದು ಕೈ ಮಾತ್ರ

ಆಪರೇಷನ್‌ಗೆ ಮುಂಚೆ ರೋಗಿಯ ಹೊಟ್ಟೆ ಖಾಲಿ ಇರಬೇಕು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವವಳಲ್ಲ.

ಮಂಡ್ಯದ ನಮ್ಮ ಆಸ್ಪತ್ರೆಗೆ ದುದ್ದದ ಕಡೆಯ ಆಲೆಮನೆಯವರೊಬ್ಬರು ಬಂದರು. ಕಬ್ಬು ಕಡಿಯುವ ಮಚ್ಚು ತಗುಲಿ ಮಣಿಕಟ್ಟು ಆಳವಾಗಿ ಸೀಳಿತ್ತು. ಬೆರಳುಗಳು ತಣ್ಣಗಾಗುತ್ತಿದ್ದವು, ಕಾಯುತ್ತಾ ಕೂತರೆ ಕೈಯೇ ಹೋಗುತ್ತಿತ್ತು.

“ಏನಾದರೂ ತಿಂದಿದ್ದಾರಾ?” ಎಂದೆ.

“ಅಷ್ಟೊಂದು ರಕ್ತ ಓಗೈತಲ್ಲಮ್ಮ, ಎಲ್ಡ್ ಮುದ್ದೆ ಉಣ್ಣಿಸ್ಕೊಂಡೇ ಕರ್ಕೊಂಡ್ ಬಂದೆ,” ಎಂದರು ಹೆಂಡತಿ, ಹೆಮ್ಮೆಯಿಂದ.

ತುಂಬಿದ ಹೊಟ್ಟೆಯಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ನನ್ನ ಮಗಳ ವಯಸ್ಸಿನ ಅರಿವಳಿಕೆ ಡಾಕ್ಟರು, “ಮೇಟ್ರನ್, ಕೈಯನ್ನಷ್ಟೇ ಮಲಗಿಸೋಣ,” ಎಂದರು.

ಕತ್ತಿನ ಬುಡಕ್ಕೆ ಸ್ಕ್ಯಾನಿಂಗ್ ಉಪಕರಣ ಒತ್ತಿದಾಗ ಕೈಯ ನರಗಳು ಪರದೆಯ ಮೇಲೆ ದ್ರಾಕ್ಷಿ ಗೊಂಚಲಿನಂತೆ ಕಂಡವು. ಪಕ್ಕದಲ್ಲೇ ರಕ್ತನಾಳ ಮಿಡಿಯುತ್ತಿತ್ತು, ಕೆಳಗೆ ಶ್ವಾಸಕೋಶ. ಎರಡನ್ನೂ ಮುಟ್ಟದೆ ಸೂಜಿ ಗೊಂಚಲಿನ ಬಳಿ ಹೋಗಿ ನಿಂತು ಮರಗಟ್ಟಿಸುವ ಮದ್ದು ಬಿಟ್ಟಿತು. ಮನಸ್ಸಿನಲ್ಲೇ ಡಾಕ್ಟರಿಗೆ ನೂರಕ್ಕೆ ನೂರು ಕೊಟ್ಟೆ.

ಸ್ವಲ್ಪ ಹೊತ್ತಿಗೆ ರೋಗಿ ಇನ್ನೊಂದು ಕೈಯಿಂದ ತಡವಿ, “ಅಮ್ಮೋ, ಇದ್ಯಾರ ಕೈ ನನ್ ಮ್ಯಾಲೆ ಮಡಗಿದ್ದೀರಿ?” ಎಂದರು.

“ನಿಮ್ಮದೇ. ಅಲುಗಾಡಬೇಡಿ, ಮಾತಾಡಬೇಡಿ.”

ಸರ್ಜನ್ ರಕ್ತನಾಳ ಹೊಲಿದು ಬೆರಳಿಗೆ ಬಣ್ಣ ಮರಳುವವರೆಗೂ ರೋಗಿ ನನಗೆ ಬೆಲ್ಲದ ಪಾಕದ ಹದ ಹೇಳಿಕೊಟ್ಟರು. ನನ್ನ ಇಡೀ ಸರ್ವೀಸಿನಲ್ಲಿ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಆ ಒಂದು ಕೈ ಮಾತ್ರ.