‘ಸತ್ತಿದೆ’ ಎಂದೇ ಬರೆದೆ

ಕಾರ್ಟೂನುಗಳಿಗೆ ಕನ್ನಡ ಮಾತು ಬರೆಯುವುದು ನನ್ನ ಕೆಲಸ. ಠಾಣೆ ನಗರದ ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ, ಹಿಂದೆ ನಟ್ಟು ಬೋಲ್ಟು ತಯಾರಾಗುತ್ತಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಡಬ್ಬಿಂಗ್ ಸ್ಟುಡಿಯೋ ಇದೆ. ಅಲ್ಲಿಂದ ವಿಡಿಯೋ ಮತ್ತು ಇಂಗ್ಲಿಷ್ ಸ್ಕ್ರಿಪ್ಟು ಬರುತ್ತವೆ. ಡೊಂಬಿವಲಿಯ ಮನೆಯಲ್ಲಿ ಕೂತು, ಯಾರ ಬಾಯಿ ಎಷ್ಟು ಸಲ ತೆರೆಯುತ್ತದೆಂದು ನೋಡಿ, ಅಷ್ಟಕ್ಕೆ ಹೊಂದುವ ಕನ್ನಡ ಬರೆದು ಕಳಿಸುತ್ತೇನೆ. ಮರಾಠಿ ಶಾಲೆಯಲ್ಲಿ ಓದಿದ ನನಗೆ ಕನ್ನಡ ಬಂದದ್ದು ಅಪ್ಪನಿಂದ. ವಿಜಯಪುರದಿಂದ ಬಂದು ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ದುಡಿದ ಮನುಷ್ಯ, ಹೊಸ್ತಿಲೊಳಗೆ ಬೇರೆ ಭಾಷೆ ಆಡಗೊಡಲಿಲ್ಲ.

ಕಳೆದ ವರ್ಷ ಒಂದು ಜಪಾನಿ ಅನಿಮೆ ಬಂತು. ಬಾಹ್ಯಾಕಾಶದಲ್ಲಿ ಲಾಂಡ್ರಿ ನಡೆಸುವವರ ತಮಾಷೆಯ ಕತೆ. ಗ್ರಹದಿಂದ ಗ್ರಹಕ್ಕೆ ಹೋಗಿ ಕೊಳೆಬಟ್ಟೆ ಒಯ್ದು ಒಗೆದು ಕೊಡುವ ಹಡಗು; ಅದರಲ್ಲಿ ಗೊರಕೆ ಹೊಡೆಯುವ ಕ್ಯಾಪ್ಟನ್, ನೀರಿಗೆ ಹೆದರುವ ರೋಬೋ, ಮತ್ತು ಸಾಕ್ಸು ತಿನ್ನುವ ಆರು ಕಾಲಿನ ಒಂದು ಸಾಕುಪ್ರಾಣಿ. ಹದಿಮೂರು ಎಪಿಸೋಡು ನಗುತ್ತ ಬರೆದೆ. ಹದಿನಾಲ್ಕನೆಯದರಲ್ಲಿ ಪ್ರಾಣಿ ಸಾಕ್ಸು ತಿನ್ನುವುದನ್ನು ನಿಲ್ಲಿಸುತ್ತದೆ. ರೇಷ್ಮೆ ಸಾಕ್ಸು ಕೊಡುತ್ತಾರೆ, ರಾಜನ ಸಾಕ್ಸು ಕದ್ದು ತಂದು ಕೊಡುತ್ತಾರೆ, ರೋಬೋ ತಾನೇ ಒಂದು ತಿಂದು ತೋರಿಸಿ ಕೆಟ್ಟು ನಿಂತು, ರಿಪೇರಿ ಮಾಡಿಸಿಕೊಳ್ಳುತ್ತದೆ. ಅಷ್ಟು ನಗಿಸಿದ ಮೇಲೆ, ಆಗಷ್ಟೇ ಒಣಗಿದ ಬಟ್ಟೆಗಳ ಬುಟ್ಟಿಯಲ್ಲಿ ಮಲಗಿದ ಪ್ರಾಣಿ ಏಳುವುದಿಲ್ಲ.

“ಇದು ಯಾವಾಗ ರಿಪೇರಿ ಆಗುತ್ತೆ?” ಎಂದು ರೋಬೋ ಕೇಳುತ್ತದೆ.

“ಆಗಲ್ಲ. ಸತ್ತಿದೆ,” ಎನ್ನುತ್ತಾನೆ ಕ್ಯಾಪ್ಟನ್.

ಆಮೇಲೆ ಇಬ್ಬರೂ ಒಂದು ಪುಟ್ಟ ಗ್ರಹದಲ್ಲಿ ಇಳಿದು, ಇಸ್ತ್ರಿಪೆಟ್ಟಿಗೆಯಿಂದ ಗುಂಡಿ ತೋಡುತ್ತಾರೆ. ಅಳುತ್ತಿದ್ದ ನನಗೆ ಆ ಇಸ್ತ್ರಿಪೆಟ್ಟಿಗೆ ನೋಡಿ ಮತ್ತೆ ನಗು ಬಂತು.

ಸ್ಕ್ರಿಪ್ಟು ಕಳಿಸಿದ ಮರುದಿನವೇ ಮ್ಯಾನೇಜರ್ ಫೋನ್ ಮಾಡಿದ. ಸಣ್ಣ ವಯಸ್ಸಿನವ, ಕೆಟ್ಟವನಲ್ಲ. “ಮೇಡಂ, ಬಚ್ಚೇ ದೇಖ್ತೇ ಹೈಂ,” ಎಂದ. ಮಕ್ಕಳು ನೋಡುವ ಕಾರ್ಟೂನಿನಲ್ಲಿ ಸಾವು ಬೇಡ, ‘ಅದು ತನ್ನ ಗ್ರಹಕ್ಕೆ ಹೋಯಿತು’ ಎಂದು ಬರೆಯಿರಿ, ಹಿಂದಿಯಲ್ಲೂ ಹಾಗೇ ಮಾಡಿದ್ದಾರೆ ಎಂದ.

“ಬಾಯಿಗೆ ಹೊಂದೋದಿಲ್ಲ. ‘ಆಗಲ್ಲ’ ಅಂದ ಮೇಲೆ ಅವನ ಬಾಯಿ ಮೂರೇ ಸಲ ತೆರೆಯುತ್ತದೆ,” ಎಂದೆ.

“ಹಿಂದಿನಿಂದ ತೆಗೆದ ಶಾಟ್ ಹಾಕಿಸ್ತೀನಿ. ಬಾಯೇ ಕಾಣೋದಿಲ್ಲ.”

“ತನ್ನ ಗ್ರಹಕ್ಕೆ ಹೋಗಿದ್ದರೆ ಇವರು ಗುಂಡಿ ಯಾಕೆ ತೋಡ್ತಾರೆ?”

“ಹಾಗಾದ್ರೆ ಗುಂಡಿ ಕಟ್ ಮಾಡೋಣ,” ಎಂದ.

ಬರೆಯುವುದಿಲ್ಲ ಎಂದು ಫೋನ್ ಇಟ್ಟೆ. ನನ್ನ ದನಿ ಏರಿದ್ದು ಕೇಳಿ ಅಪ್ಪ ಒಳಗಿನಿಂದ ಬಂದರು.

“ಯಾಕವಾ, ಯಾರ ಕೂಡ ಜಗಳ?”

ಹೇಳಿದೆ. ಅಪ್ಪ ಖುರ್ಚಿಯಲ್ಲಿ ಕೂತರು. ನನಗೆ ಯಾವುದು ಚುಚ್ಚಿತ್ತೆಂದು ಅವರಿಗೆ ಗೊತ್ತಿತ್ತು.

ನನಗೆ ಎಂಟು ವರ್ಷವಿದ್ದಾಗ ನಾವು ದಿವಾ ರೈಲು ಸ್ಟೇಷನ್ನಿನ ಬಳಿ ಒಂದು ಚಾಳಿನ ಸಾಲುಮನೆಯಲ್ಲಿದ್ದೆವು. ಅಲ್ಲಿ ನನಗೊಂದು ಬೆಕ್ಕಿತ್ತು, ಕಂದು ಬಣ್ಣದ್ದು, ಒಂದು ಕಿವಿ ಹರಿದದ್ದು. ಒಂದು ಸಂಜೆ ಶಾಲೆಯಿಂದ ಬಂದರೆ ಬೆಕ್ಕಿಲ್ಲ. “ಊರಿಗೆ ಕಳಿಸೀನಿ. ಅಲ್ಲಿ ಹಾಲು ಭಾಳ ಸಿಗ್ತೈತಿ,” ಎಂದರು ಅಪ್ಪ. ನಾನು ನಂಬಿದೆ. ಮೇ ತಿಂಗಳವರೆಗೆ ಕಾದೆ. ರಜೆಗೆ ವಿಜಯಪುರಕ್ಕೆ ಹೋಗುವಾಗ ಫ್ರಾಕಿನ ಜೇಬಿನಲ್ಲಿ ಗ್ಲೂಕೋಸ್ ಬಿಸ್ಕೀಟು ಒಯ್ದೆ. ಬೆಕ್ಕಿಗೆ ಅವು ಇಷ್ಟ. ನಾಲ್ಕು ದಿನ ಓಣಿಯ ಮನೆಮನೆಗೆ ಹೋಗಿ, ಹರಿದ ಕಿವಿಯ ಬೆಕ್ಕು ಬಂದಿದೆಯಾ ಎಂದು ಕೇಳಿದೆ. ಐದನೆಯ ದಿನ ದೊಡ್ಡಪ್ಪನ ಮಗಳು ಎಲ್ಲರೆದುರು, “ಏ ಹುಚ್ಚಿ, ಅದು ಟೆಂಪೋ ಬಡದು ಸತ್ತೈತಿ. ಎಲ್ಲಾರಿಗೂ ಗೊತ್ತೈತಿ,” ಎಂದು ನಕ್ಕಳು. ಎಲ್ಲರೂ ನಕ್ಕರು. ಬೆಕ್ಕು ಸತ್ತದ್ದಕ್ಕೆ ಅಳಲು ನನಗೆ ಹೊತ್ತೇ ಸಿಗಲಿಲ್ಲ; ಎಲ್ಲರಿಗೂ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲವಲ್ಲ ಎಂಬ ಅವಮಾನದಲ್ಲೇ ರಜೆ ಮುಗಿಯಿತು. ಅದಾದ ಮೇಲೆ ಅಪ್ಪ ಏನು ಹೇಳಿದರೂ ಅಮ್ಮನನ್ನು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದೆ. ವರ್ಷಗಟ್ಟಲೆ.

ಆ ವಿಷಯ ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ. ಅಂದು ಕೇಳಿಯೇ ಬಿಟ್ಟೆ. “ಯಾಕ್ ಹಂಗ ಹೇಳಿದ್ರಿ?”

“ನಿನ್ನ ಮಾರಿ ನೋಡಿ ನನಗ ಬಾಯಿ ಬರಲಿಲ್ಲ,” ಎಂದರು. “ಹಳಿ ಬಾಜೂಕ ಹುಗದು ಬಂದೆ. ನಿನ್ನ ಕರಕೊಂಡು ಹೋಗಬೇಕಿತ್ತು. ತಪ್ಪಾತು.”

ಮಗಳ ಮುಂದೆ ತಪ್ಪೊಪ್ಪಿಕೊಳ್ಳಲು ಅಪ್ಪನಿಗೆ ಎಪ್ಪತ್ತಾರು ವರ್ಷ ಆಗಬೇಕಾಯಿತು. ಆ ದಿನವೇ ಮ್ಯಾನೇಜರನಿಗೆ ಮೇಲ್ ಬರೆದೆ: ‘ಸತ್ತಿದೆ’ ಎಂಬ ಮಾತು ಬದಲಾದರೆ ನನ್ನ ಹೆಸರು ತೆಗೆಯಿರಿ.

ಅವನು ಹೆಸರು ತೆಗೆಯಲಿಲ್ಲ, ಮಾತನ್ನು ಬದಲಿಸಿದ. ರೆಕಾರ್ಡಿಂಗಿನ ದಿನ ನನ್ನನ್ನು ಕರೆದಿರಲಿಲ್ಲ. ಕರೆಯದೆಯೇ ಹೋದೆ. ರೋಬೋಗೆ ದನಿ ಕೊಡುವವರು ಅರವತ್ತು ದಾಟಿದ ಒಬ್ಬ ಅಕ್ಕ. ಕರಾವಳಿಯವರು, ಮನೆಯಲ್ಲಿ ತುಳು, ಸೀವುಡ್ಸ್‌ನಿಂದ ನೆರೂಳಿಗೆ ಬಂದು ರೈಲು ಬದಲಿಸಿ ಠಾಣೆಗೆ ಬರುತ್ತಾರೆ. ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದರು. ಕ್ಯಾಪ್ಟನ್ ಪಾತ್ರದವನು ‘ತನ್ನ ಗ್ರಹಕ್ಕೆ ಹೋಯಿತು’ ಎಂದು ಓದಿದ. ಈಗ ರೋಬೋ ಅಳಬೇಕು. ಅಕ್ಕ ಅಳಲಿಲ್ಲ. ಮೈಕಿನ ಮುಂದೆಯೇ ಹೆಡ್‌ಫೋನ್ ತೆಗೆದರು.

“ಮನೆಗೆ ಹೋದದ್ದಲ್ವಾ ಅದು? ಮತ್ತೆ ನಾನು ಅಳುವುದು ಎಂತಕ್ಕೆ? ಖುಷಿಪಡಬೇಕಲ್ಲ?”

ಮ್ಯಾನೇಜರ್ ನನ್ನತ್ತ ನೋಡಿದ, ನಾನೇ ಹೇಳಿಕೊಟ್ಟಿದ್ದೇನೆಂಬಂತೆ. ದೇವರಾಣೆ ಹೇಳಿಕೊಟ್ಟಿರಲಿಲ್ಲ. ಒಳಗೆ ಹೋಗಿ ಅಕ್ಕನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು, ನನ್ನ ಹಳೆಯ ಮಾತನ್ನು ಪೆನ್ನಿನಲ್ಲಿ ಬರೆದು ಕೊಟ್ಟೆ. ಅಕ್ಕ ಓದಿ, “ಇದು ಸರಿ ಉಂಟು,” ಎಂದು ಹಾಳೆಯನ್ನು ಕ್ಯಾಪ್ಟನ್ ಪಾತ್ರದವನಿಗೆ ದಾಟಿಸಿ ಹೆಡ್‌ಫೋನ್ ಹಾಕಿಕೊಂಡರು. ಕ್ಯಾಪ್ಟನ್ ‘ಸತ್ತಿದೆ’ ಎಂದ. ಅಕ್ಕ ಒಂದೇ ಟೇಕಿನಲ್ಲಿ, ಕೆಟ್ಟ ಮಿಕ್ಸರಿನ ಹಾಗೆ ಕರಕರ ಎನ್ನುತ್ತ ಅತ್ತರು. ರೆಕಾರ್ಡಿಂಗ್ ಮಾಡುತ್ತಿದ್ದವಳು ನಗುತ್ತ ಕಣ್ಣೊರೆಸಿಕೊಂಡಳು.

“ಎರಡನ್ನೂ ಕಳಿಸ್ತೀನಿ. ಚಾನೆಲ್‌ನವರು ಆರಿಸ್ಕೊಳ್ಳಲಿ,” ಎಂದು ಮ್ಯಾನೇಜರ್ ಕೈಚೆಲ್ಲಿದ.

ಯಾವುದನ್ನು ಆರಿಸಿದರೆಂದು ಯಾರೂ ನಮಗೆ ತಿಳಿಸಲಿಲ್ಲ. ಪ್ರಸಾರವಾದ ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಟೀವಿ ಮುಂದೆ ಕೂತೆ. ರಾಜನ ಸಾಕ್ಸು ಕದಿಯುವಾಗ ಅಪ್ಪ ಚಹಾ ಚೆಲ್ಲಿಕೊಂಡು ನಕ್ಕರು. ಬುಟ್ಟಿ ಬಂತು. “ಆಗಲ್ಲ. ಸತ್ತಿದೆ,” ಎಂದ ಕ್ಯಾಪ್ಟನ್, ಸ್ಪಷ್ಟವಾಗಿ, ಬಾಯಿ ಕಾಣುವ ಹಾಗೆ. ನಾನು ಕೂತಲ್ಲಿಂದ ಎದ್ದುಬಿಟ್ಟೆ. ಆದರೆ ಗುಂಡಿ ತೋಡುವ ದೃಶ್ಯವನ್ನು ಕತ್ತರಿಸಿ ಹಾಕಿದ್ದರು. ಅದನ್ನು ವಾಪಸ್ ಸೇರಿಸಿ ಎಂದು ಸೋಮವಾರವೇ ಚಾನೆಲ್‌ಗೆ ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಇನ್ನೂ ಬರೆಯುತ್ತಿದ್ದೇನೆ.

ಎರಡು ತಿಂಗಳು ಸ್ಟುಡಿಯೋದಿಂದ ಕೆಲಸ ಬರಲಿಲ್ಲ. ಆ ಹೊತ್ತಿನಲ್ಲಿ ಒಂದು ಕಂಪನಿಯ ಪ್ರೆಷರ್ ಕುಕ್ಕರಿನ ಕೈಪಿಡಿ ಅನುವಾದಿಸಿದೆ. ಅದರಲ್ಲಿ ಯಾರೂ ಸಾಯುವುದಿಲ್ಲ. ಮೂರನೇ ತಿಂಗಳು ಮ್ಯಾನೇಜರನ ಫೋನ್ ಬಂತು.

“ಮೇಡಂ, ಎರಡನೇ ಸೀಸನ್ ಬಂದಿದೆ. ಇದರಲ್ಲಿ ಕ್ಯಾಪ್ಟನ್‌ನ ಅಜ್ಜಿ ಸಾಯ್ತಾಳೆ. ದಯವಿಟ್ಟು ಈ ಸಲ ಜಗಳ ಮಾಡಬೇಡಿ.”

“ಮಾಡ್ತೀನಿ,” ಎಂದೆ. “ಸ್ಕ್ರಿಪ್ಟು ಕಳಿಸಿ.”